ತಂದೆಯ ವಾದ್ಯ, ಮಗನ ಋಣ

ಹದಿನೇಳು, ಹದಿನೆಂಟನೆಯ ಶತಮಾನಗಳ ಫ್ರಾನ್ಸಿನ ಅರಮನೆಯಲ್ಲಿ ಓಬೋ ನುಡಿಸುವ ಹುದ್ದೆ ಬಹುಮಟ್ಟಿಗೆ ವಂಶಪಾರಂಪರ್ಯವಾಗಿತ್ತು. ಓಬೋ ಎಂಬುದು ನಮ್ಮ ನಾಗಸ್ವರ, ಶಹನಾಯಿಗಳ ಬಂಧು. ಎರಡು ತೆಳು ಸೀಳುಗಳ ನಡುವೆ ಉಸಿರು ಹಾಯಿಸಿ ನುಡಿಸುವ ವಾದ್ಯ. ಫಿಲಿಡೋರ್ ಮನೆತನ ತಲೆಮಾರುಗಳ ಕಾಲ ಇಂಥ ವಾದ್ಯಗಳನ್ನೇ ನಂಬಿ ಬಾಳಿತು. ಆ ಮನೆಯಲ್ಲಿ 1726ರಲ್ಲಿ ಹುಟ್ಟಿದ ಫ್ರಾನ್ಸ್ವಾ-ಆಂದ್ರೆ ಮಾತ್ರ ಗೀತನಾಟಕಗಳನ್ನು ರಚಿಸಿದ, ಚದುರಂಗದಲ್ಲಿ ಜಗತ್ಪ್ರಸಿದ್ಧನಾದ. ತಂದೆಯ ವಾದ್ಯವನ್ನು ಬಿಟ್ಟ ಮಗ ಋಣ ತೀರಿಸದವನೇ?

ಈ ಪ್ರಶ್ನೆಗೆ ನಮ್ಮ ನಾಡಿನಲ್ಲೇ ಒಂದು ನಿದರ್ಶನವಿದೆ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ತಂದೆ ತನಿಯಪ್ಪನವರಿಂದಲೇ ನಾಗಸ್ವರ ಕಲಿತವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮನಸೋತರು. ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ವಾದ್ಯವದು. ನಾಗಸ್ವರದಲ್ಲಿ ಬೆರಳು ರಂಧ್ರವನ್ನು ಅರೆ ಮುಚ್ಚಿ, ತುಟಿ ಬಿಗಿದು ಗಮಕ ತರಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳಿವೆ. ಸ್ವರಗಳು ಮೆಟ್ಟಿಲಿನಂತೆ ಜಿಗಿಯುತ್ತವೆ. ಅದರಿಂದ ಗಮಕ ಹೊರಡಿಸಲು ಅವರು ವಾದ್ಯವನ್ನೇ ತಿದ್ದಿಕೊಂಡು ವರ್ಷಾನುಗಟ್ಟಲೆ ಸಾಧನೆ ಮಾಡಿದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಸಂಗೀತೋತ್ಸವದಲ್ಲಿ ಆ ವಿದೇಶಿ ವಾದ್ಯದಿಂದ ಹೊಮ್ಮಿದ್ದು ಕರ್ನಾಟಕ ಸಂಗೀತವೇ. 2019ರಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನು ಬಿಡಲಿಲ್ಲ.

ಹಾಗೆಂದು ನಷ್ಟವೇ ಇಲ್ಲವೆನ್ನಲಾಗದು. ನಾಗಸ್ವರಕ್ಕೆ ಒಬ್ಬ ಸಮರ್ಥ ವಾದಕ ಕಡಿಮೆಯಾದದ್ದು ನಿಜ. ಆದರೂ ಪರಂಪರೆಯಲ್ಲಿ ಅತ್ಯಂತ ಕಷ್ಟದ ಭಾಗ ಯಾವುದೋ ಅದನ್ನೇ ಅವರು ಹೊತ್ತು ನಡೆದರು. ಸುಲಭವಾದದ್ದನ್ನು ಉಳಿಸಿಕೊಂಡು ಕಷ್ಟದ್ದನ್ನು ಕೈಬಿಡುವವನೇ ನಿಜವಾಗಿ ಋಣ ಮರೆತವನೆಂದು ನನ್ನ ಅಭಿಪ್ರಾಯ.

ನೌಕರಿಗಾಗಿ ಮೌದಾ, ನಾಗಪುರಗಳಲ್ಲಿ ನೆಲೆಸಿದ ನಮಗೆ ಇದು ಪರರ ಮಾತಲ್ಲ. ನಮ್ಮ ಮಕ್ಕಳು ಬೀದಿಯಲ್ಲಿ ಮರಾಠಿ, ಗೆಳೆಯರೊಡನೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷು ಆಡುತ್ತಾರೆ. ಅವರು ಕನ್ನಡ ಮರೆತರೆಂದು ನಾವು ಕೊರಗುತ್ತೇವೆ. ಆದರೆ ಗೋಪಾಲನಾಥರು ವಾದ್ಯ ಬದಲಿಸುವ ಮೊದಲೇ ತಂದೆ ಅವರಿಗೆ ಸಂಗೀತವನ್ನು ಕೊಟ್ಟಿದ್ದರು. ಹೊಸ ದಾರಿಗೆ ಒಯ್ಯಲು ಬುತ್ತಿಯಿತ್ತು. ರಾಜ್ಯೋತ್ಸವದ ದಿನ ವೇದಿಕೆ ಹತ್ತಿಸಿ ಬಾಯಿಪಾಠ ಹಾಡಿಸಿದರೆ ಬುತ್ತಿ ಕಟ್ಟಿದಂತಾಗುವುದೇ? ದಿನವೂ ಊಟದ ಹೊತ್ತಿಗಾದರೂ ಅವರೊಡನೆ ಕನ್ನಡದಲ್ಲಿ ಮಾತಾಡಬೇಕು, ವಾದಿಸಬೇಕು, ನಗಬೇಕು. ಆಮೇಲೆ ಅವರು ಯಾವ ವಾದ್ಯವನ್ನಾದರೂ ಹಿಡಿಯಲಿ.

ಕೊಡದ ಸಾಲವನ್ನು ವಸೂಲು ಮಾಡಲು ಯಾವ ಕಚೇರಿಯ ಲೆಕ್ಕಪುಸ್ತಕವೂ ಒಪ್ಪುವುದಿಲ್ಲ.