‘ಉಪವಾಸ’ ಎಂಬ ಪದದ ಮರ್ಮ

ಕಳೆದ ಚಾತುರ್ಮಾಸದಲ್ಲಿ ಸಿಂಧನೂರಿನ ಬಂಧುಗಳ ಮನೆಗೆ ಹೋಗಿದ್ದಾಗ, ಆ ಮನೆಯ ವೃದ್ಧ ಶ್ರಾವಿಕೆಯೊಬ್ಬರು ಕಣ್ಣೀರು ತಂದುಕೊಂಡು ಕೇಳಿದರು: “ಐವತ್ತು ವರ್ಷ ಅಷ್ಟಮಿ, ಚತುರ್ದಶಿ ತಪ್ಪಿಸಿದಾಕಿ ಅಲ್ಲ ಮಾಸ್ತರ್ರ. ಈಗ ಸಕ್ರಿ ಕಾಯಿಲೆ ಐತಿ, ಉಪವಾಸ ಬ್ಯಾಡ ಅಂತ ಡಾಕ್ಟರು ಅಂದಾರ. ಹಂಗಾರ ನನ್ನ ವ್ರತ ಕೆಟ್ಟಂಗ ಆತೇನ್ರಿ?” ಆಗ ಸಮಾಧಾನದ ಎರಡು ಮಾತು ಹೇಳಿದೆನೇ ಹೊರತು ಉತ್ತರ ಹೇಳಲಿಲ್ಲ.

ಲಿಂಗಸುಗೂರಿಗೆ ಮರಳುವ ದಾರಿಯಲ್ಲಿ ಮಸ್ಕಿಯ ಬೆಟ್ಟ ಕಂಡಿತು. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತಿದ್ದ ಬೀಡನ್ ಎಂಬ ಇಂಜಿನಿಯರು ಅಲ್ಲಿನ ಬಂಡೆಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು ಕಂಡುಹಿಡಿದುದು ಸರ್ವವಿದಿತ. ತಾನು ಸಂಘದ ಸಮೀಪಕ್ಕೆ ಬಂದೆನೆಂಬುದನ್ನು ಅರಸನು ಅದರಲ್ಲಿ ‘ಉಪಗತ’ ಎಂಬ ಪದದಿಂದ ಹೇಳಿದ್ದಾನೆ. ಇದೇ ಶಾಸನದ ಬ್ರಹ್ಮಗಿರಿಯ ಪಾಠದಲ್ಲಿ ‘ಉಪಾಸಕ’ ಎಂಬ ಪದವೂ ಇದೆ. ನಮ್ಮಲ್ಲಿಯೂ ಗೃಹಸ್ಥ ಶ್ರಾವಕನಿಗೆ ಇದೇ ಹೆಸರು. ಏಳನೆಯ ಅಂಗವು ‘ಉಪಾಸಕಾಧ್ಯಯನ’ವಲ್ಲವೇ? ‘ಉಪ’ ಎಂದರೆ ಸಮೀಪ. ಸಮೀಪಕ್ಕೆ ಹೋದವನು ಉಪಗತ, ಸಮೀಪದಲ್ಲಿ ಕುಳಿತವನು ಉಪಾಸಕ, ಸಮೀಪದಲ್ಲಿ ವಾಸಿಸುವುದು ಉಪವಾಸ. ಈ ಪದದಲ್ಲಿ ಹಸಿವಿನ ಸುದ್ದಿಯೇ ಇಲ್ಲ!

ಹಾಗಾದರೆ ಆಹಾರತ್ಯಾಗದ ಅರ್ಥವು ಎಲ್ಲಿಂದ ಬಂದಿತು? ಶತಪಥ ಬ್ರಾಹ್ಮಣವು ಒಂದು ಕಾರಣವನ್ನು ಕೊಡುತ್ತದೆ. ಯಜ್ಞದ ಮುನ್ನಾದಿನ ದೇವತೆಗಳು ಯಜಮಾನನ ಮನೆಯಲ್ಲಿ ಬಂದು ನೆಲೆಸುತ್ತಾರೆ. ಆದುದರಿಂದ ಆ ದಿನವು ‘ಉಪವಸಥ’. ಅತಿಥಿಗಳು ಉಣ್ಣುವ ಮೊದಲು ಮನೆಯೊಡೆಯನು ಉಣ್ಣುವುದು ಉಚಿತವಲ್ಲ. ಅಂದರೆ ಸಾಮೀಪ್ಯವು ಮೊದಲು, ಊಟ ಬಿಡುವುದು ಅದರ ಫಲ. ಈ ಪದವೇ ಪಾಲಿಯಲ್ಲಿ ‘ಉಪೋಸಥ’, ಪ್ರಾಕೃತದಲ್ಲಿ ‘ಪೋಸಹ’ ಆಯಿತು. ನಮ್ಮ ‘ಪ್ರೋಷಧ’ವೂ ಅದೇ ಬಳ್ಳಿಯದು.

ಹಿಂಸಾಯಜ್ಞವನ್ನು ಒಪ್ಪದ ನಮ್ಮ ಆಚಾರ್ಯರು ಪದವನ್ನು ಉಳಿಸಿಕೊಂಡು ಅತಿಥಿಯನ್ನು ಬದಲಿಸಿದರು. ವ್ಯಾಕರಣಕಾರರೂ ಆಗಿದ್ದ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಇದನ್ನು ಬಿಡಿಸಿ ಹೇಳುವ ರೀತಿ ಮನೋಹರವಾಗಿದೆ. ಶಬ್ದಾದಿ ವಿಷಯಗಳಲ್ಲಿ ಆತುರವನ್ನು ತೊರೆದು ಐದು ಇಂದ್ರಿಯಗಳೂ ಮರಳಿ ಬಂದು ನೆಲೆಸುವುದೇ ಉಪವಾಸವೆಂದು ಅವರ ತಾತ್ಪರ್ಯ. ಬಳಿಕವೇ ಅವರು ಚತುರ್ವಿಧ ಆಹಾರದ ತ್ಯಾಗವನ್ನು ಹೇಳುತ್ತಾರೆ. ನಾಲಗೆಯೊಂದು ಮಾತ್ರ ಮನೆಗೆ ಬಂದು, ಉಳಿದ ನಾಲ್ಕು ಬೀದಿಯಲ್ಲಿ ಅಲೆದರೆ ಅದು ಬರಿಯ ಲಂಘನ.

ಇದು ನನ್ನ ಅನುಭವವೂ ಹೌದು. ಶಿಕ್ಷಕನಾಗಿದ್ದಾಗ ಒಂದು ಚತುರ್ದಶಿಯಂದು, ನೀರನ್ನೂ ಮುಟ್ಟದ ಹೆಮ್ಮೆಯಲ್ಲಿ ತರಗತಿಗೆ ಹೋದೆ. ಉಕ್ತಲೇಖನದಲ್ಲಿ ತಪ್ಪು ಬರೆದ ಬಾಲಕನೊಬ್ಬನನ್ನು ಬೆತ್ತದಿಂದ ಹೊಡೆದೆ. ಅವನು ಆ ದಿನ ಬೆಳಗ್ಗೆ ಮನೆಯಲ್ಲಿ ಹಿಟ್ಟಿಲ್ಲದೆ ಹಸಿದು ಬಂದಿದ್ದನೆಂಬುದು ಸಂಜೆ ತಿಳಿಯಿತು. ಇಬ್ಬರ ಹೊಟ್ಟೆಯೂ ಬರಿದಾಗಿತ್ತು. ಆದರೆ ಉಪವಾಸವನ್ನು ಇಬ್ಬರಲ್ಲಿ ಒಬ್ಬರೂ ಮಾಡಿರಲಿಲ್ಲ. ಅವನದು ದಾರಿದ್ರ್ಯ, ನನ್ನದು ಅಹಂಕಾರ. ಆ ಚತುರ್ದಶಿಯನ್ನು ನಾನು ಇಂದಿಗೂ ಲೆಕ್ಕಕ್ಕೆ ಹಿಡಿದಿಲ್ಲ.

ಹಾಗೆಂದು ‘ಮನಸ್ಸು ಶುದ್ಧವಿದ್ದರೆ ಸಾಕು, ಊಟ ಬಿಡುವುದೇಕೆ?’ ಎಂಬ ಜಾಣತನವೂ ಸಲ್ಲದು. ಅನಶನವು ಬಾಹ್ಯತಪಸ್ಸುಗಳಲ್ಲಿ ಮೊದಲನೆಯದು. ಶಕ್ತಿಯಿದ್ದೂ ಅದನ್ನು ಬಿಡುವುದು ಆತ್ಮವಂಚನೆ. ಆದರೆ ಷೋಡಶಭಾವನೆಗಳಲ್ಲಿ ‘ಶಕ್ತಿತಸ್ತಪ’ ಎಂದಿದೆ, ಅಂದರೆ ಶಕ್ತಿಗನುಸಾರ ತಪಸ್ಸು. ಅನಶನವು ಆಗದವರಿಗೆ ಅವಮೌದರ್ಯವಿದೆ, ರಸಪರಿತ್ಯಾಗವಿದೆ. ಇವೂ ಅದೇ ಪಟ್ಟಿಯ ತಪಸ್ಸುಗಳೇ. ಕನಿಕರಕ್ಕಾಗಿ ಕೊಟ್ಟ ರಿಯಾಯಿತಿಗಳಲ್ಲ.

ಮಸ್ಕಿಯ ಶಾಸನವೂ ಕೊನೆಯಲ್ಲಿ ಇಂಥದೇ ಮಾತನ್ನು ಹೇಳುತ್ತದೆ: ಧರ್ಮಯುಕ್ತನಾದರೆ ಅಲ್ಪನಿಗೂ ಇದು ಸಾಧ್ಯ, ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದು.

ಮುಂದಿನ ಅಷ್ಟಮಿಗೆ ಸಿಂಧನೂರಿಗೆ ಹೋಗಿ ಆ ತಾಯಿಗೆ ಹೇಳಿದೆ: “ಅಮ್ಮಾ, ವೈದ್ಯರು ಹೇಳಿದಷ್ಟನ್ನು ಔಷಧದಂತೆ ಉಣ್ಣಿರಿ. ಒಂದು ರಸವನ್ನು ಬಿಡಿರಿ. ಸಾಮಾಯಿಕಕ್ಕೆ ಕುಳಿತು ಐದನ್ನೂ ಒಳಗೆ ಕರೆಯಿರಿ. ನಿಮ್ಮ ವ್ರತ ಕೆಟ್ಟಿಲ್ಲ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಇವತ್ತ ಉಪ್ಪು ಬಿಡ್ತೀನ್ರಿ” ಎಂದರು.