ಉಡುಪಿಯ ಪಂಡಿತರು, ಇಂಗ್ಲಿಷ್ ಬಿಷಪ್ಪರು ಮತ್ತು ರಮಾಬಾಯಿ

ಪಂಡಿತಾ ರಮಾಬಾಯಿ ಎಂದರೆ ಸಮಾಜ ಸುಧಾರಕಿ, ವಿಧವೆಯರಿಗಾಗಿ ಶಾರದಾ ಸದನ ಕಟ್ಟಿದವರು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಆಕೆಯ ಬದುಕಿನುದ್ದಕ್ಕೂ ಬೆನ್ನು ಬಿಡದೆ ಬಂದದ್ದು ಧರ್ಮದ ಒಂದು ಪ್ರಶ್ನೆ: ಶಾಸ್ತ್ರವನ್ನು ಓದಿ ಅರ್ಥ ಹೇಳುವ ಅಧಿಕಾರ ಯಾರದು? ಮಹಿಳಾ ಹಕ್ಕುಗಳ ಪಾಠದಲ್ಲಿ ಈ ಪ್ರಶ್ನೆಯನ್ನೇ ಬಿಟ್ಟರೆ ಮಕ್ಕಳಿಗೆ ಸಿಗುವುದು ಹೆಸರು ಮತ್ತು ಇಸವಿ ಮಾತ್ರ.

ಈ ಕಥೆ ಶುರುವಾಗುವುದು ನಮ್ಮ ನೆಲದಲ್ಲೇ. ಕಾರ್ಕಳ ಸಮೀಪದ ಮಾಳದ ಅನಂತಶಾಸ್ತ್ರಿ ಡೋಂಗ್ರೆ ಪುಣೆಯಲ್ಲಿ ಓದುತ್ತಿದ್ದಾಗ, ಅವರ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಅದನ್ನು ಕಂಡ ಶಾಸ್ತ್ರಿಗಳು ತಮ್ಮ ಪತ್ನಿ ಲಕ್ಷ್ಮೀಬಾಯಿಗೂ ಕಲಿಸಲು ಹೊರಟರು. ನೆಂಟರಿಷ್ಟರು ತಿರುಗಿಬಿದ್ದರು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ಸಮಜಾಯಿಷಿ ಕೊಡಬೇಕಾಗಿ ಬಂದಾಗ, ಹೆಂಗಸರು ಸಂಸ್ಕೃತ ಕಲಿಯಲು ಅಡ್ಡಿಯಿಲ್ಲವೆಂದು ಅವರು ಶಾಸ್ತ್ರಗಳಿಂದಲೇ ಆಧಾರ ತೆಗೆದು ವಾದಿಸಿದರು. 1858ರ ಏಪ್ರಿಲ್‌ನಲ್ಲಿ ಮಗಳು ರಮಾ ಹುಟ್ಟಿದ್ದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿದ್ದ ಅವರ ಮನೆಯಲ್ಲಿ. ನಸುಕಿನಲ್ಲೇ ಮಗಳನ್ನು ಎಬ್ಬಿಸಿ ಸಂಸ್ಕೃತ ಪಾಠ ಹೇಳಿದವರು ತಾಯಿ ಲಕ್ಷ್ಮೀಬಾಯಿ. ಆದರೆ ಅಷ್ಟು ಧೈರ್ಯವಂತರಾದ ತಂದೆಯೂ ಹೆಣ್ಣುಮಕ್ಕಳಿಗೆ ವೇದದ ಬಾಗಿಲು ತೆರೆಯಲಿಲ್ಲ.

ಆ ಬಾಗಿಲು ತೆರೆದದ್ದು ಕಲ್ಕತ್ತೆಯಲ್ಲಿ. ಬರಗಾಲದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡ ರಮಾ, ಅಣ್ಣ ಶ್ರೀನಿವಾಸನೊಡನೆ ಊರೂರು ನಡೆದು ಪುರಾಣ ಹೇಳುತ್ತಾ 1878ರಲ್ಲಿ ಅಲ್ಲಿಗೆ ತಲುಪಿದರು. ವಿದ್ವಾಂಸರು ಪರೀಕ್ಷಿಸಿ 'ಸರಸ್ವತಿ' ಎಂಬ ಬಿರುದು ಕೊಟ್ಟರು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದವನ್ನೇ ಕೈಗಿತ್ತು ಓದಲು ಹೇಳಿದರು. ಸ್ತ್ರೀಧರ್ಮದ ಮೇಲೆ ಭಾಷಣ ಮಾಡಬೇಕಾಗಿ ಬಂದು ಧರ್ಮಶಾಸ್ತ್ರಗಳನ್ನು ಓದಿದಾಗ ಆಕೆಗೆ ಕಂಡದ್ದೇನು? ಎಷ್ಟೋ ವಿಷಯಗಳಲ್ಲಿ ಒಂದು ಗ್ರಂಥ ಇನ್ನೊಂದನ್ನು ಒಪ್ಪುವುದಿಲ್ಲ. ಆದರೆ ಹೆಣ್ಣಿನ ಸ್ವಭಾವ ಕೆಟ್ಟದ್ದು, ಗಂಡಿನಂತೆ ಅವಳಿಗೆ ಮೋಕ್ಷವಿಲ್ಲ ಎಂಬಲ್ಲಿ ಎಲ್ಲದರ ಮಾತೂ ಒಂದೇ. ಯಾರೋ ಹೇಳಿದ್ದನ್ನು ಕೇಳಿ ಆಕೆ ಹೀಗೆ ಬರೆಯಲಿಲ್ಲ, ಮೂಲ ಓದಿ ಬರೆದರು.

1880ರಲ್ಲಿ ಜಾತಿಯ ಹೊರಗೆ ಮದುವೆ, ಎರಡೇ ವರ್ಷದಲ್ಲಿ ವೈಧವ್ಯ, ಮಡಿಲಲ್ಲಿ ಮಗಳು ಮನೋರಮಾ. 1882ರಲ್ಲಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು; ಶಿಕ್ಷಣ ಕುರಿತ ಹಂಟರ್ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದರು. ಮರುವರ್ಷ ಇಂಗ್ಲೆಂಡಿಗೆ ಹೋಗಿ ಕ್ರೈಸ್ತ ಧರ್ಮ ಸ್ವೀಕರಿಸಿದರು.

ಅನೇಕರು ಪಾಠವನ್ನು ನಿಲ್ಲಿಸುವುದು ಇಲ್ಲೇ. ನಿಜವಾದ ಪಾಠ ಶುರುವಾಗುವುದೂ ಇಲ್ಲೇ. ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿದ್ದಾಗ ರಮಾಬಾಯಿ ಗಂಡಸರಿಗೂ ಪಾಠ ಹೇಳುವ ಮಾತು ಬಂತು. ಬಿಷಪ್ಪರು ಸಲ್ಲದು ಎಂದರು. ನನ್ನ ತಾಯಿ ಯುವಕರಿಗೆ ಕಲಿಸಿದಾಗ ತಂದೆ ಬೇಡವೆನ್ನಲಿಲ್ಲ, ನಾನು ಕಲಿಸಿದಾಗ ಗಂಡ ತಡೆಯಲಿಲ್ಲ, ಇಂಗ್ಲಿಷರು ತಡೆಯುತ್ತಿದ್ದಾರಲ್ಲ ಎಂದು ಆಕೆ ಅಚ್ಚರಿಪಟ್ಟು ಬರೆದರು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ತ್ರೈಏಕತ್ವದ ಸಿದ್ಧಾಂತವನ್ನು ಒಪ್ಪಿಕೊಳ್ಳಬೇಕೆಂಬ ಒತ್ತಾಯಕ್ಕೂ ಬಗ್ಗಲಿಲ್ಲ. ತಮ್ಮನ್ನು ಮಗಳಂತೆ ಕಂಡ ಸಿಸ್ಟರ್ ಜೆರಾಲ್ಡೀನ್‌ಗೆ, ಭಾರತದ ಪುರೋಹಿತರ ನೊಗ ಕಳಚಿದ್ದು ಇನ್ನೊಂದು ನೊಗಕ್ಕೆ ಹೆಗಲು ಕೊಡಲು ಅಲ್ಲ ಎಂಬ ಅರ್ಥದಲ್ಲಿ ಉತ್ತರಿಸಿದರು. ಬಿಟ್ಟು ಬಂದ ಧರ್ಮದ ಗುರುಗಳಿಗೆ ಕೇಳಿದ ಪ್ರಶ್ನೆಯನ್ನೇ ಸೇರಿದ ಧರ್ಮದ ಗುರುಗಳಿಗೂ ಕೇಳಿದರು.

ಈ ನಿಷ್ಠುರತೆಗೆ ಬೆಲೆ ತೆರಬೇಕಾಯಿತು. 1889ರಲ್ಲಿ ಮುಂಬೈಯಲ್ಲಿ ಶುರುವಾಗಿ ಪುಣೆಗೆ ಬಂದ ಶಾರದಾ ಸದನದಲ್ಲಿ ಮತಾಂತರ ನಡೆಯುತ್ತಿದೆ ಎಂಬ ಆರೋಪ ಎದ್ದು, 'ಕೇಸರಿ' ಪತ್ರಿಕೆ ಕಟುವಾಗಿ ಟೀಕಿಸಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಸುಧಾರಕರೂ ಸಲಹಾ ಮಂಡಳಿಯಿಂದ ಹೊರಬಂದರು. ಅದಕ್ಕೂ ಮೊದಲೇ, 1885ರಲ್ಲಿ, ಜೋತಿಬಾ ಫುಲೆ 'ಸತ್ಸಾರ'ದಲ್ಲಿ ಆಕೆಯ ಮತಾಂತರವನ್ನು ಸಮರ್ಥಿಸಿ ಬರೆದಿದ್ದರು.

ಮತಾಂತರದ ವಿಷಯ ತರಗತಿಯಲ್ಲಿ ಎತ್ತಿದರೆ ಪೋಷಕರು ಏನೆನ್ನುತ್ತಾರೋ ಎಂಬ ಶಿಕ್ಷಕರ ಅಳುಕು ಅರ್ಥವಾಗುವಂಥದ್ದೇ. ಆದರೆ ಇದು ಒಂದೇ ಧರ್ಮದ ಮೇಲಿನ ದೂರಲ್ಲ. ಅಮೆರಿಕದಲ್ಲಿ ಎಲಿಜಬೆತ್ ಕೇಡಿ ಸ್ಟಾಂಟನ್ 1895ರಲ್ಲಿ 'ದಿ ವುಮನ್ಸ್ ಬೈಬಲ್' ತಂದು, ಬೈಬಲ್ಲಿನಲ್ಲಿ ಹೆಣ್ಣಿನ ಬಗ್ಗೆ ಬರುವ ಭಾಗಗಳನ್ನು ಪ್ರಶ್ನಿಸಿದರು. ಮತದಾನದ ಹಕ್ಕಿಗಾಗಿ ಆಕೆಯೇ ಕಟ್ಟಿ ಬೆಳೆಸಿದ ಸಂಘಟನೆ ಮರುವರ್ಷ ಆ ಪುಸ್ತಕಕ್ಕೂ ತನಗೂ ಸಂಬಂಧವಿಲ್ಲ ಎಂದು ನಿರ್ಣಯ ಮಾಡಿತು. ಗೆಳತಿ ಸೂಸನ್ ಬಿ. ಆಂಥೊನಿ ಅದನ್ನು ವಿರೋಧಿಸಿ ಮಾತಾಡಿದರೂ ಫಲ ಸಿಗಲಿಲ್ಲ.

ಆದ್ದರಿಂದ ಶಿಕ್ಷಕರಲ್ಲಿ ಒಂದು ಕೋರಿಕೆ. ಉಡುಪಿಯ ಸಭೆಯನ್ನೂ ಚೆಲ್ಟನ್‌ಹ್ಯಾಮ್‌ನ ಪತ್ರಗಳನ್ನೂ ಒಂದೇ ಪಾಠದಲ್ಲಿ ಮಕ್ಕಳ ಮುಂದಿಡಿ. ತಂದೆ ವೇದ ಕಲಿಸದಿದ್ದುದು ಸರಿಯೇ, ರಾನಡೆ ಹೊರಬಂದದ್ದು ನ್ಯಾಯವೇ, ಧರ್ಮ ಬದಲಿಸಿದವರ ದುಡಿಮೆಯ ಬೆಲೆ ಕಡಿಮೆಯಾಗುತ್ತದೆಯೇ ಎಂದು ಕೇಳಿ. ಉತ್ತರವನ್ನು ನೀವು ಬರೆಸಬೇಡಿ. ಅವರೇ ವಾದ ಮಾಡಲಿ, ಬೇಕಾದರೆ ನಿಮ್ಮೊಂದಿಗೂ.