ಶರಣನಿಗೆ ಪರದೇಶವುಂಟೆ?

ಮಹಾಲಿಂಗಪುರದಲ್ಲಿ ಮಗ್ಗದ ಸದ್ದು ಕೇಳುತ್ತ ಬೆಳೆದ ಮಗನೊಬ್ಬನು ಉದ್ಯೋಗಾರ್ಥವಾಗಿ ಲಂಡನ್ನಿಗೆ ಹೋದನೆನ್ನೋಣ. ಅಲ್ಲಿಯ ಚಳಿ, ಭಾಷೆ, ಆಹಾರಗಳಿಗಿಂತಲೂ ಹೆಚ್ಚಾಗಿ ಅವನನ್ನು ಕಾಡುವುದು, ತಾನು ಈ ನಾಡಿನವನಲ್ಲವೆಂಬ ಭಾವ. ಹಣೆಯ ವಿಭೂತಿಯನ್ನು ಒರಸಿಕೊಂಡು ಹೊರಗೆ ಹೋಗುವ ಮನಸ್ಸು ಆಗಲೇ ಹುಟ್ಟುವುದು. ಆದರೆ ಅವನೊಡನೆಯೇ ಕಡಲು ದಾಟಿದ ಇಷ್ಟಲಿಂಗವು ಅವನ ಅಂಗದ ಮೇಲಿದೆ. ಕರಸ್ಥಲವೇ ಗುಡಿಯಾದವನಿಗೆ ಬಾಡಿಗೆಯ ಕೋಣೆಯೂ ಪೂಜಾಸ್ಥಾನವೇ. ಲಿಂಗದೆದುರಿಗೆ ಅವನು ಎಲ್ಲಿಯೂ ಪರದೇಶಿಯಲ್ಲ.

ಜನರೆದುರಿಗೆ ಹೇಗೆ? ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು, ಕಲ್ಯಾಣದಲ್ಲಿ ಕಟ್ಟಿಗೆಯ ಹೊರೆ ಮಾರಿ ಬಾಳಿದರೆಂದು ಪರಂಪರೆಯು ಹೇಳುತ್ತದೆ. ಸೌರಾಷ್ಟ್ರದ ಆದಯ್ಯನವರು ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದವರು. ಕಾಯಕವು ಇಂಥವರನ್ನು ಹೊಸ ನೆಲಕ್ಕೆ ಸೇರಿಸಿತು, ನಿಜ. ಆದರೆ ಬರಮಾಡಿಕೊಳ್ಳುವ ಶರಣರಿಲ್ಲದಿದ್ದರೆ ಕಾಯಕವೊಂದೇ ಸಾಲುತ್ತಿತ್ತೆ?

2015ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆಯು ಅನಾವರಣಗೊಂಡಿತು. ಅದಕ್ಕಾಗಿ ಹೆಮ್ಮೆಪಡುವ ಸದ್ಗೃಹಸ್ಥನು ತನ್ನೂರಿನ ಕಡೆಗೂ ಒಮ್ಮೆ ನೋಡಬೇಕು. ಕಬ್ಬು ಕಡಿಯಲು ದೂರದಿಂದ ಬಂದವರು ಹೊಲದಂಚಿನ ಗುಡಿಸಲಿನಲ್ಲಿದ್ದಾರೆ. ತನ್ನ ಮಗನಿಗೆ ಪರರ ಬಾಗಿಲು ತೆರೆಯಲೆಂದು ಹಾರೈಸುವ ತಂದೆಯು, ಅವರ ಮಕ್ಕಳಿಗೆ ತನ್ನ ಬಾಗಿಲನ್ನು ಮುಚ್ಚಿದರೆ ಆ ಹಾರೈಕೆಗೆ ಬೆಲೆಯೇನು? ದಾಸೋಹವು ಅಲ್ಲಿಂದಲೇ ಆರಂಭವಾಗಲಿ.